ಅಕ್ಕನ ಕಿವಿಗೊಂದು ಜರಡಿ

ನನ್ನ ಸೋದರಮಾವ ಶುದ್ಧ ಮೊಂಡ. ರೇಡಿಯೋ ರಿಪೇರಿ ಅವನ ಕಸುಬು. ಮದುವೆ ಆಗಲಿಲ್ಲ, ಯಾಕೆಂದು ಯಾರೂ ಕೇಳಲೂ ಇಲ್ಲ. ಹಿಟ್ಟಿನ ಗಿರಣಿಯ ಮೇಲಿನ ಎರಡು ಕೋಣೆಯಲ್ಲಿ ಅವನು ಮತ್ತು ಅವನ ಅಕ್ಕ, ಅಂದರೆ ನನ್ನ ಅಮ್ಮ. ಮಾಮ ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಅವಳೊಬ್ಬಳ ಜೊತೆಗೆ. ಆ ಅಮ್ಮನ ಕಿವಿಯೇ ಮಂದವಾಯಿತು. ಅಂಗಡಿಯಿಂದ ತಂದ ಕಿವಿಯಂತ್ರ ಹಾಕಿಕೊಂಡರೆ ಗಿರಣಿಯ ಮೋಟಾರೇ ತಲೆಯೊಳಗೆ ತಿರುಗಿದಂತಾಗುತ್ತದೆಂದು ಕಿತ್ತೆಸೆದಳು. ಆಮೇಲೆ ಮಾಮ ಏನೇ ಹೇಳಲಿ, ಕೇಳಿಸದೆ ಅವಳು ಸುಮ್ಮನೆ ನಗುವುದು. ಒಂದೇ ಮನೆಯಲ್ಲಿದ್ದೂ ಅವನು ಒಂಟಿಯಾಗಿಬಿಟ್ಟ.

ಸರಿ, ಇವನ ತಲೆಗೆ ಹುಳ ಹೊಕ್ಕಿತು. ಗಿರಣಿಯ ಸದ್ದನ್ನು ಸೋಸಿ ಮಾತನ್ನಷ್ಟೇ ಬಿಡುವ ಡಬ್ಬಿ ಮಾಡುತ್ತೇನೆಂದು ಹೊರಟ. ಅದೂ ಲೆಕ್ಕದ ಯಂತ್ರಗಳಿಗೆ ಹಾಕುವ ಅಗ್ಗದ ಚಿಪ್‌ನಲ್ಲಿ!

ಬಿಡಿಭಾಗದ ಅಂಗಡಿಯವನು ನಕ್ಕ. "ಇದಕ್ಕೆ ಒಂದು ಕೊಟ್ರೆ ಸೊನ್ನೆ, ಸೊನ್ನೆ ಕೊಟ್ರೆ ಒಂದು. ಅಷ್ಟೇ ಗೊತ್ತಿರೋದು. ಇದರಲ್ಲಿ ಮಾತು ಸೋಸ್ತೀರಾ ಸಾರ್?"

"ಅದರ ಬಾಲಾನ ಅದರ ಬಾಯಿಗೇ ಕಟ್ತೀನಿ," ಎಂದ ಮಾಮ. "ಅದು ಹೊರಗೆ ಬಿಟ್ಟಿದ್ದನ್ನ ಮತ್ತೆ ಅದಕ್ಕೇ ಕೊಡ್ತೀನಿ. ಹೌದು ಅನ್ನೋಕೂ ಆಗದೆ, ಇಲ್ಲ ಅನ್ನೋಕೂ ಆಗದೆ ನಡುವೆ ತೂಗಾಡುತ್ತೆ. ಆಗ ಪಿಸುಮಾತನ್ನೂ ದೊಡ್ಡದು ಮಾಡುತ್ತೆ."

ಡಬ್ಬಿ ಮೊದಲು ಸಿಳ್ಳೆ ಹೊಡೆಯಿತು, ಆಮೇಲೆ ಕಪ್ಪೆಯಂತೆ ವಟಗುಟ್ಟಿತು. ಇವನು ಬಿಡಬೇಕಲ್ಲ! ಒಂದು ಭಾನುವಾರ ನಾನು ಹೋದಾಗ ಮೈಕಿನ ಮುಂದೆ ಕೂರಿಸಿ ಪೇಪರ್ ಓದಿಸಿದ. ತಾನು ಹೆಡ್‌ಫೋನ್ ಹಾಕಿಕೊಂಡು ತಿರುಪು ತಿರುಗಿಸುತ್ತಾ ಕೂತ.

"ನೀನೇ ಮಾತಾಡಿ ನೋಡ್ಕೋಬಾರ್ದಾ?" ಎಂದೆ.

"ನನ್ನ ದನಿ ನನಗೆ ಒಳಗಿಂದಾನೇ ಕೇಳುತ್ತಲ್ಲೇ. ಡಬ್ಬಿ ಬಿಡ್ತೋ ಇಲ್ವೋ ಹೇಗೆ ಗೊತ್ತಾಗುತ್ತೆ?"

ಗಿರಣಿಯ ಸದ್ದು ಮಾಯವಾಗಿ ನನ್ನ ದನಿ ತಿಳಿಯಾಗಿ ನಿಂತಿತಂತೆ. ಆ ಅಳತೆಗೇ ಬೆಸುಗೆ ಹಾಕಿ ಮುಗಿಸಿದ.

ಅಮ್ಮನಿಗೆ ಹೆಡ್‌ಫೋನ್ ಹಾಕಿದೆವು. "ಅಮ್ಮಾ" ಎಂದೆ. ಅವಳು ಬೆಚ್ಚಿ, "ಅಯ್ಯೋ ನನ್ನ ಕಂದಾ, ನಿನ್ನ ದನಿ!" ಎಂದು ಅತ್ತೇಬಿಟ್ಟಳು. ಮಾಮ ಮೈಕು ಕಿತ್ತುಕೊಂಡ. ಅವನದು ಹಂಡೆಯೊಳಗಿನಿಂದ ಬಂದಂಥ ದಪ್ಪ ದನಿ.

"ಅಕ್ಕಾ, ನಾನು ಕಣೇ. ಕೇಳಿಸ್ತಾ?"

ಅಮ್ಮ ಅವನ ಮುಖವನ್ನೇ ನೋಡಿದಳು. "ಬರೀ ಬಾಯಿ ಆಡಿಸ್ತಾ ನನ್ನ ಆಟ ಆಡಿಸ್ತೀಯೇನೋ? ಮಾತಾಡೋ!"

ಗಿರಣಿಯ ಗುಂಯ್ ಇದ್ದ ತಗ್ಗಿನ ಸ್ಥಾಯಿಯಲ್ಲೇ ಅವನ ದಪ್ಪ ದನಿಯೂ ಇತ್ತು. ಡಬ್ಬಿ ಎರಡನ್ನೂ ಒಟ್ಟಿಗೆ ಸೋಸಿ ಎಸೆದಿತ್ತು.

"ಈಗಲೇ ಬೆಸುಗೆ ಬಿಚ್ಚಿ ಅಳತೆ ಬದಲಿಸು ಮಾಮ," ಎಂದು ರೇಗಿದೆ. "ನಾನು ಭಾನುವಾರ ಮುಖ ತೋರಿಸಿ ಹೋಗೋಳು. ದಿನವೆಲ್ಲ ಇವಳ ಜೊತೆ ಇರೋನು ನೀನು!"

"ನನಗೆ ದಾರಿ ಬಿಟ್ರೆ ಗಿರಣಿನೂ ಬರುತ್ತೆ. ಅವಳು ಇದನ್ನೂ ಕಿತ್ತೆಸೀತಾಳೆ. ಆಮೇಲೆ ನಿನ್ನ ದನಿನೂ ಇಲ್ಲ ಅವಳಿಗೆ."

ಮೈಕನ್ನು ನನ್ನ ಕಡೆಗೆ ಸರಿಸಿದ.

"ನನಗೆ ಗಂಟಲು ಕಟ್ಟಿದೆ ಅಂತ ಹೇಳು."

ಹೇಳಿದೆ. ಅಮ್ಮ ನಂಬಿದಳು. ಹೆಡ್‌ಫೋನ್ ತೆಗೆದಿಟ್ಟು, ತಮ್ಮನಿಗೆ ಬಿಸಿನೀರು ಕಾಯಿಸಲು ಎದ್ದಳು.