ಮನೆಗೆ ಉಳಿದ ಶೇಂಗಾ

ನಿವೃತ್ತಿಗೆ ಮುಂಚಿನ ಕೊನೆಯ ವರ್ಷ. ಕೃಷಿ ಸಂಶೋಧನಾ ಕೇಂದ್ರವೊಂದರಲ್ಲಿ ಆಹಾರ ವಿಜ್ಞಾನಿಯಾಗಿದ್ದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ತಾಲ್ಲೂಕು ನನ್ನ ಪಾಲಿಗೆ. ಜಗಳೂರಿನಲ್ಲಿ ಶೇಂಗಾದ ಕೆಲಸ. ಕಾಳಿಗೆ ಹಿಡಿಯುವ ಒಂದು ಬಗೆಯ ಬೂಸ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಹುರಿದರೂ ಪೂರ್ತಿ ಹೋಗುವುದಿಲ್ಲ. ಯಕೃತ್ತಿಗೂ ಕೇಡು, ಮಕ್ಕಳ ಬೆಳವಣಿಗೆಗೂ ಕೇಡು.

ಆ ಸಲ ಮಾರುಕಟ್ಟೆಗೆ ಹೊರಟ ಚೀಲಗಳ ಮಾದರಿಗಳೆಲ್ಲ ಚೊಕ್ಕವಾಗಿ ಬಂದವು. ಕೇಂದ್ರದಲ್ಲಿ ಎಲ್ಲರಿಗೂ ಖುಷಿ. ನನಗೆ ಮಾತ್ರ ಸಮಾಧಾನವಿಲ್ಲ. ಬೂಸ್ಟು ಹಿಡಿದ ಕಾಳು ಹಾಗಾದರೆ ಎಲ್ಲಿಗೆ ಹೋಗುತ್ತಿದೆ?

ಉತ್ತರ ಸಿಕ್ಕಿದ್ದು ರೈತ ಮಹಿಳೆ ಹಾಲಮ್ಮನವರ ಮನೆಯ ಊಟದಲ್ಲಿ. ರೊಟ್ಟಿಗೆ ಬಡಿಸಿದ ಚಟ್ನಿ ಪುಡಿ ಬಾಯಿಗಿಟ್ಟರೆ ಕಹಿ. ಪಕ್ಕದಲ್ಲಿ ಅವರ ಬಸುರಿ ಸೊಸೆ ರೇಖಾ ಅದನ್ನೇ ಹಚ್ಚಿಕೊಂಡು ಉಣ್ಣುತ್ತಿದ್ದಳು. ನಾನು ತಟ್ಟೆ ಬದಿಗಿಟ್ಟು ಹಾಲಮ್ಮನವರನ್ನು ಕೇಳಿದೆ.

“ಈ ಪುಡಿಗೆ ಯಾವ ಕಾಳು ಹಾಕ್ತೀರಿ?”

“ಆರಿಸಿ ತೆಗೆದಿದ್ದು ರೀ. ಚಲೋದು ಚೀಲಕ್ಕೆ, ಉಳಿದಿದ್ದು ಮನಿಗೆ. ಮೊದ್ಲಿಂದ್ಲೂ ಹಿಂಗೇ ಐತೆ.”

ಡಬ್ಬಿ ತೆಗೆಸಿ ನೋಡಿದೆ. ಮುರುಟಿದ, ಹಸಿರುಗಟ್ಟಿದ ಕಾಳು. ಪರೀಕ್ಷೆಗೆಂದು ಒಂದು ಹಿಡಿ ಕಟ್ಟಿಕೊಂಡೆ. ಮಷೀನಿನಲ್ಲಿ ಸುಲಿಯುವಾಗ ಕಾಳು ಒಡೆಯದಿರಲಿ ಎಂದು ಕಾಯಿಗೆ ನೀರು ಚಿಮುಕಿಸಿ ಗುಡ್ಡೆ ಹಾಕಿದ್ದರು. ಬೂಸ್ಟಿಗೆ ಅಷ್ಟು ಸಾಕು.

ಪ್ರಯೋಗಾಲಯದ ವರದಿ ಬರುವ ಮೊದಲು ಬಾಯಿ ಬಿಡಬಾರದೆಂಬುದು ನಮ್ಮ ಶಿಸ್ತು. ಪಡಸಾಲೆಯಲ್ಲಿ ಹಿಂದಕ್ಕೂ ಮುಂದಕ್ಕೂ ತಿರುಗಾಡಿದೆ. ವರದಿ ಬರುವವರೆಗೆ ಈ ಹುಡುಗಿ ದಿನಾ ಇದನ್ನೇ ಉಣ್ಣಬೇಕಲ್ಲ! ತಡೆಯಲಾಗದೆ ಹೇಳಿಯೇಬಿಟ್ಟೆ.

ಹಾಲಮ್ಮನವರಿಗೆ ಸಿಟ್ಟು ಬಂತು. “ಇಷ್ಟು ವರ್ಷ ತಿಂದೀವಿ, ನಮಗೇನಾಗೈತೆ? ಹೋಗ್ಲಿ, ಎಮ್ಮೆಗೆ ಹಾಕ್ತೀನಿ ಬಿಡ್ರಿ.”

“ಬೇಡಿ, ವಿಷ ಹಾಲಿಗೆ ಬರುತ್ತೆ.”

“ಗಾಣಕ್ಕೆ?”

“ಅದೂ ಬೇಡ, ಎಣ್ಣೆಗೂ ಹಿಂಡಿಗೂ ಬರುತ್ತೆ.”

“ಹಂಗಾದ್ರೆ ನನ್ನ ತಲೆ ಮೇಲೆ ಸುರ್ಕೊಳ್ಳೇನು?”

ಕೊನೆಗೆ ಕೇಳಿದೆ, “ಇದನ್ನ ಬಿತ್ತುತ್ತೀರಾ?”

“ಥೂ, ಇದು ಬಿತ್ತಾಕೆ ಬರ್ತತೇನ್ರೀ? ಬೀಜಕ್ಕೆ ಅಂತ ಚಲೋದ್ನೇ ಎತ್ತಿ ಇಟ್ಟೀವಿ...” ಅಂದವರು ತಟ್ಟನೆ ಸೊಸೆಯ ಹೊಟ್ಟೆಯ ಕಡೆ ನೋಡಿದರು. ಡಬ್ಬಿ ಎತ್ತಿಕೊಂಡು ಹಿತ್ತಲಿಗೆ ಹೋಗಿ ಗುಂಡಿ ತೋಡಿ ಹೂತುಬಂದರು.

ಅಷ್ಟರಲ್ಲಿ ರೇಖಾ ಮಾರಾಟಕ್ಕೆಂದು ಹೊಲಿದಿಟ್ಟ ಚೀಲದ ಬಾಯಿ ಬಿಚ್ಚಿ ಒಂದು ಸೇರು ಕಾಳು ಅಳೆದುಕೊಳ್ಳುತ್ತಿದ್ದಳು. ಅತ್ತೆ ಬಂದು ನಿಂತಾಗ ಸೇರನ್ನು ಮತ್ತೆ ಚೀಲದ ಕಡೆಗೆ ಬಗ್ಗಿಸಿದಳು.

“ಇನ್ನೊಂದು ಸೇರು ತಗಳವ್ವ,” ಅಂದರು ಹಾಲಮ್ಮ.

ನೀರು ಹಾಕದೆ ಸುಲಿಯುವ ಮಷೀನು ಆ ಊರಿಗೆ ಬಂದದ್ದು ಆಮೇಲೆ. ಅಲ್ಲಿಂದ ಮುಂದೆ ಚೀಲದ ಜೊತೆಗೆ ಅಡುಗೆಮನೆಯ ಡಬ್ಬಿಯಿಂದಲೂ ಮಾದರಿ ತೆಗೆಯತೊಡಗಿದೆ. ಬೆಳೆದವರು ಏನು ಉಣ್ಣುತ್ತಿದ್ದಾರೆಂದು ನೋಡದೆ ನಮ್ಮ ಕೆಲಸ ಮುಗಿಯುವುದಿಲ್ಲವೆಂದು ಕಲಿತದ್ದು ಅಲ್ಲಿಯೇ. ಈಗಲೂ ಯಾರಾದರೂ ಫಸಲು ಚೆನ್ನಾಗಿ ಬಂತು ಅಂದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಮನೆಗೆ ಯಾವುದನ್ನು ಇಟ್ಟುಕೊಂಡಿರಿ ಎಂದು ಕೇಳಿಯೇಬಿಡುತ್ತೇನೆ.