ಗೋಣಿತಟ್ಟಿನ ಗೋಡೆ

ಸವಣೂರಿನಲ್ಲಿ ನಾನೇ ಹುಟ್ಟುಹಾಕಿದ್ದ ಸಣ್ಣ ರೇಡಿಯೊ ಕೇಂದ್ರ ಮೊನ್ನೆ ನಿಂತಿತು. ಇವತ್ತು ಅದರ ಗೋಡೆಗೆ ಬಡಿದಿದ್ದ ಗೋಣಿತಟ್ಟು ಕಿತ್ತೆ. ಗೋಣಿ ಸೌಂಡ್ ಅಬ್ಸಾರ್ಬ್ ಮಾಡ್ತೈತಿ, ಅಂದ್ರ ದನಿ ಹೀರ್ಕೊಳ್ತೈತಿ ಅಂತ ಕಾಲೇಜಿನಲ್ಲಿ ಓದಿದ್ದು ಅರೆಬರೆ ನೆನಪಿತ್ತು ನೋಡ್ರಿ, ಅದಕ್ಕೇ ನಮ್ಮ ವೀಳ್ಯದೆಲೆ ತೋಟದಿಂದ ತಂದು ಬಡಿದಿದ್ದೆ. ಕಿತ್ತ ಕೂಡಲೇ ಹಸಿ ಎಲೆಯ ವಾಸನೆ ಬಂತು.

ನಾನು ಸಣ್ಣವನಿದ್ದಾಗ ಅವ್ವ ಇಂಥದೇ ತಟ್ಟಿನಲ್ಲಿ ಎಲೆ ಸುತ್ತುತ್ತ, ಆಚೆ ತೋಟದವರ ಜೋಡಿ ಕೂಗಿ ಮಾತಾಡುತ್ತಿದ್ದಳು.

“ಸಾವಕಾಶ ಮಾತಾಡ, ಊರಿಗೆಲ್ಲಾ ಕೇಳ್ತೈತಿ,” ಅಂತ ಅಪ್ಪ ಬೈಯುತ್ತಿದ್ದ.

“ಕೇಳ್ಲಿ ಅಂತನ ಒದರೂದ್ರಿ!” ಅನ್ನುತ್ತಿದ್ದಳು ಅವ್ವ. ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಮುಂದೆ ಈ ಕೇಂದ್ರ ಶುರುವಾದ ಮೇಲೆ ನನ್ನ ಹೆಂಡತಿ, “ನಾನೂ ಒಂದಿನ ಮೈಕಿನ್ಯಾಗ ಮಾತಾಡ್ಲೇನ್ರೀ?” ಅಂದಾಗ, “ನಿನ್ನ ದನಿ ಭಾಳ ಜೋರ ಐತಿ, ಬ್ಯಾಡ,” ಅಂದವನು ನಾನೇ. ಆಕೆ ಮತ್ತೆ ಕೇಳಲಿಲ್ಲ.

ಇಲ್ಲಿಯ ಕಂಪ್ಯೂಟರಿನಲ್ಲಿ ಊರವರೆಲ್ಲರ ದನಿ ಇದೆ. ತೀರಿಕೊಂಡ ನನ್ನ ಹೆಂಡತಿಯದು ಒಂದು ಮಾತೂ ಇಲ್ಲ. ತಟ್ಟು ಮಡಚಿ ಅದರ ಮೇಲೆಯೇ ಕುಂತಿದ್ದೇನೆ.