ಮಗಳ ಡಬ್ಬಿ ಮತ್ತು ನನ್ನ ಗಂಬೊ

ಒಂಬತ್ತು ತಿಂಗಳು ನನ್ನ ಮಗಳು ನನ್ನ ಮನೆಗೆ ಊಟಕ್ಕೆ ಬರುವಾಗ ತನ್ನ ಊಟವನ್ನು ತಾನೇ ಡಬ್ಬಿಯಲ್ಲಿ ಹಾಕಿಕೊಂಡು ಬರುತ್ತಿದ್ದಳು. ಈಗ ಬರೆಯುವಾಗಲೂ ಮೈ ಉರಿಯುತ್ತದೆ. ಅವಳು ಉಳ್ಳಾಲದ ಶಾಲೆಯೊಂದರಲ್ಲಿ ಟೀಚರು; ಅಲ್ಲೇ ಇನ್ನಿಬ್ಬರು ಟೀಚರುಗಳ ಜೊತೆ ಬಾಡಿಗೆ ಮನೆಯಲ್ಲಿದ್ದಾಳೆ. ಭಾನುವಾರ ಬಸ್ಸು ಹತ್ತಿ, ಹಂಪನಕಟ್ಟೆಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು, ಬಿಜೈಯ ನಮ್ಮ ಮನೆಗೆ ಬಂದು, ನಾನು ಹೆತ್ತು ಬೆಳೆಸಿದ ಹುಡುಗಿ ನನ್ನದೇ ಮೇಜಿನ ಮೇಲೆ ಸ್ಟೀಲಿನ ಡಬ್ಬಿ ಬಿಚ್ಚಿ ತಣ್ಣಗಾದ ಹೆಸರುಕಾಳು ತಿನ್ನುತ್ತಿದ್ದಳು. ನಾನು ಎದುರು ಕೂತು ನೋಡಬೇಕು.

ಎರಡು ವರ್ಷದ ಹಿಂದೆ ಅವಳು ಮಾಂಸ, ಮೀನು, ಮೊಟ್ಟೆ, ಹಾಲು ಎಲ್ಲವನ್ನೂ ಬಿಟ್ಟಳು. ಕಾರಣ ಕೇಳಿದರೆ, "ನನಗೆ ಬೇಡ ಮಮ್ಮಿ, ಅಷ್ಟೇ" ಎಂದಳು. ನಮ್ಮಂಥ ಕೊಂಕಣಿ ಕ್ರಿಶ್ಚಿಯನ್ನರ ಮನೆಯಲ್ಲಿ ಇದು ಸಣ್ಣ ಮಾತಲ್ಲ. ನೆಂಟರ ಮನೆಗಳಲ್ಲಿ ಅವಳನ್ನು ಗೇಲಿ ಮಾಡಿದರು. ಕ್ರಿಸ್ಮಸ್ಸಿಗೆ ಅವಳ ತಟ್ಟೆ ನೋಡಿ, ಹುಲ್ಲು ತರಿಸಬೇಕಾ ಎಂದು ಕೇಳಿದವರುಂಟು. ಅವರಿಗೆಲ್ಲ ನಾನು ಸರಿಯಾಗಿ ಉತ್ತರ ಕೊಟ್ಟಿದ್ದೇನೆ. ಹದಿನೆಂಟು ವರ್ಷ ಗಲ್ಫಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ನಾನು, ಬಾಯಿ ಇದೆ. ಮಗಳ ಪರವಾಗಿ ಊರಿನವರೊಂದಿಗೆಲ್ಲ ಜಗಳ ಮಾಡಿದ ತಾಯಿಯ ಮನೆಗೇ ಡಬ್ಬಿ ತರುತ್ತಾಳೆಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಯಾಕೆಂದು ಕೇಳಿದರೆ "ಅಡುಗೆ ಹೆಚ್ಚು ಮಾಡಿದ್ದೆ" ಎನ್ನುತ್ತಿದ್ದಳು. ಪ್ರತಿ ಭಾನುವಾರವೂ ಹೆಚ್ಚು ಮಾಡುತ್ತಾಳಂತೆ.

ಮಾರ್ಚ್ ತಿಂಗಳಲ್ಲಿ, ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲದಲ್ಲಿ, ನನ್ನ ಸಹನೆ ಮುಗಿಯಿತು. ಫೋನ್ ಮಾಡಿ ಹೇಳಿದೆ: "ಈ ಭಾನುವಾರ ಡಬ್ಬಿ ತರಬೇಡ. ಗಂಬೊ ಮಾಡ್ತೇನೆ. ಜೀವ ಇದ್ದದ್ದು ಒಂದೂ ಇರುವುದಿಲ್ಲ ಅದರಲ್ಲಿ."

ಅವಳು "ನೋಡುವ" ಎಂದಳು. ತಾಯಿಯ ಕೈಯಡುಗೆಗೆ ನೋಡುವ!

ಗಂಬೊ ನಾನು ಕಲಿತದ್ದು ಗಲ್ಫಿನಲ್ಲಿ. ನಮ್ಮ ವಾರ್ಡಿನಲ್ಲಿ ಅಮೆರಿಕದ ಲೂಸಿಯಾನದ ಒಬ್ಬಳು ನರ್ಸ್ ಇದ್ದಳು. ತಾನು ಕೇಜನ್ ಜನ, ಅಂದರೆ ಅಲ್ಲಿಯ ಜೌಗು ನೆಲದ ಫ್ರೆಂಚ್ ಮೂಲದವರು, ಎನ್ನುತ್ತಿದ್ದಳು. ಬೆಂಡೆಕಾಯಿ ಹಾಕಿ, ಖಾರ ಹಾಕಿ, ದಪ್ಪ ಸಾರು ಮಾಡಿ ಅನ್ನದ ಮೇಲೆ ಸುರಿದು ಕೊಟ್ಟರೆ ನಮಗೆ ಊರಿನ ನೆನಪು ಬರುತ್ತಿತ್ತು. ಅವಳದರಲ್ಲಿ ಸಾಸೇಜು, ಕೋಳಿ, ಸಿಗಡಿ ಎಲ್ಲ ಇರುತ್ತಿತ್ತು. ತಪಸ್ಸಿನ ಕಾಲದಲ್ಲಿ ಮಾಂಸ ಬಿಡುತ್ತಿದ್ದಳು, ಸಿಗಡಿ ಬಿಡುತ್ತಿರಲಿಲ್ಲ. ನಾವೂ ಹಾಗೆಯೇ. ನಲವತ್ತು ದಿನ ಮಾಂಸ ಮುಟ್ಟುವುದಿಲ್ಲ, ಮೀನು ಮಾತ್ರ ಧಾರಾಳ. ಇನ್ನು ಒಣಸಿಗಡಿಯನ್ನಂತೂ ನಾವು ಮೀನಿನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಸೌತೆಗೆ, ನುಗ್ಗೆಗೆ, ಬೆಂಡೆಗೆ ಒಂದು ಹಿಡಿ ಒಣಸಿಗಡಿ ಬಿದ್ದರೇ ಅದು ತರಕಾರಿ. ಬೇರೆಯವರು ಇಂಗು ಹಾಕುತ್ತಾರೆ, ನಾವು ಅದನ್ನು ಹಾಕುತ್ತೇವೆ.

ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ಏಳರ ಪೂಜೆ ಮುಗಿಸಿ ಬಂದವಳೇ ಒಲೆಯ ಮುಂದೆ ನಿಂತೆ. ಗಂಬೊವಿನ ಜೀವ ಇರುವುದು ಹಿಟ್ಟು ಹುರಿಯುವುದರಲ್ಲಿ. ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ, ಅಷ್ಟೇ ಮೈದಾ, ಸಣ್ಣ ಉರಿ. ಮುಕ್ಕಾಲು ಗಂಟೆ ಕೈ ಬಿಡದೆ ತಿರುಗಿಸಬೇಕು. ಮೊದಲು ಪೋಸ್ಟರ್ ಅಂಟಿಸುವ ಗೋಂದಿನ ಹಾಗಿರುತ್ತದೆ, ಆಮೇಲೆ ನೆಲಗಡಲೆಯ ಬಣ್ಣ, ಕೊನೆಗೆ ಹಳೆಯ ಬೆಲ್ಲದ ಬಣ್ಣ. ನಡುವೆ ಒಂದು ಕಪ್ಪು ಚುಕ್ಕೆ ಕಂಡರೂ ಎಲ್ಲ ಚೆಲ್ಲಿ ಮೊದಲಿನಿಂದ ಶುರು. ಫೋನ್ ಬಂದರೆ ಎತ್ತುವಂತಿಲ್ಲ. ನನ್ನ ಬಲಭುಜ ಮೊದಲೇ ಸರಿ ಇಲ್ಲ. ಆ ನೋವಿಗೂ ನಾನು ಮನಸ್ಸಿನಲ್ಲೇ ಮಗಳಿಗೆ ಬೈದೆ.

ಅತ್ತೆ ಅಡುಗೆಮನೆಯ ಸ್ಟೂಲಿನಲ್ಲಿ ಜಪಮಾಲೆ ಹಿಡಿದು ಕೂತಿದ್ದರು. ನನ್ನ ಗಂಡ ಇನ್ನೂ ಗಲ್ಫಿನಲ್ಲೇ ಇರುವುದರಿಂದ ಮನೆಯಲ್ಲಿ ನಾವಿಬ್ಬರೇ. ಅತ್ತೆಗೆ ಎಂಬತ್ತೆರಡು.

"ಎಂತ ಅದು, ಹಲ್ವವಾ?" ಎಂದು ಕೇಳಿದರು.

"ಸಾರು."

"ಸಾರಿಗೆ ಇಷ್ಟು ಹೊತ್ತಾ ಮಾರಾಯ್ತಿ?"

ಹಿಟ್ಟಿಗೆ ಬಣ್ಣ ಬಂದ ಮೇಲೆ ನೀರುಳ್ಳಿ, ಕ್ಯಾಪ್ಸಿಕಂ, ಎರಡು ಅಂಗಡಿ ಸುತ್ತಿ ತಂದ ಸೆಲರಿ ದಂಟು, ಬೆಳ್ಳುಳ್ಳಿ ಹಾಕಿದೆ. ಬಿಸಿನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸಿದೆ. ಸಾಸೇಜಿನ ಬದಲಿಗೆ ಗುಜ್ಜೆ. ಎಳೆ ಹಲಸನ್ನು ಉಪ್ಪು ಹಾಕಿ ಬೇಯಿಸಿ, ಮೆಣಸಿನಪುಡಿ ಸವರಿ ಕಾಯಿಸಿದರೆ ಹಲ್ಲಿಗೆ ಮಾಂಸದಂತೆಯೇ ಸಿಗುತ್ತದೆ. ಹೊಟ್ಟೆ ತುಂಬಲು ರಾಜ್ಮಾ. ಬೆಂಡೆಯನ್ನು ಅರ್ಧ ಹುರಿದೆ, ಅರ್ಧ ಹಸಿಯಾಗಿಯೇ ಹಾಕಿದೆ, ಲೋಳೆ ಇದ್ದರೆ ಸಾರು ದಪ್ಪವಾಗುತ್ತದೆ. ಹೊಗೆಯ ರುಚಿಗೆ ಒಂದು ತೆಂಗಿನ ಗೆರಟೆಯ ಕೆಂಡವನ್ನು ಬಟ್ಟಲಲ್ಲಿಟ್ಟು ಪಾತ್ರೆಯೊಳಗೆ ಇಳಿಸಿ ಮುಚ್ಚಿದೆ. ರುಚಿ ನೋಡಿದೆ. ಆ ಲೂಸಿಯಾನದವಳು ಬಂದರೂ ಕೈಮುಗಿಯಬೇಕು, ಹಾಗಿತ್ತು. ಈಗ ಡಬ್ಬಿ ಹೇಗೆ ಬಿಚ್ಚುತ್ತಾಳೆ ನೋಡುತ್ತೇನೆ ಎಂದುಕೊಂಡೆ.

ಉರಿ ಸಣ್ಣದು ಮಾಡಿ, ತಾರಸಿಗೆ ಹೋಗಿ ಬಟ್ಟೆ ಒಣಗಿಸಿ ಬಂದೆ. ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ. ಮೆಟ್ಟಿಲು ಇಳಿಯುವಾಗಲೇ ಮೂಗಿಗೆ ಹೊಡೆಯಿತು. ಅಡುಗೆಕಟ್ಟೆಯ ಮೇಲೆ ಒಣಸಿಗಡಿ ಪುಡಿಯ ಬಾಟಲಿ, ಪಕ್ಕದಲ್ಲಿ ಚಮಚ. ಅತ್ತೆ ಮತ್ತೆ ಸ್ಟೂಲಿನಲ್ಲಿ.

"ಎಂತ ಮಾಡಿದ್ರಿ ನೀವು?"

"ಎರಡೇ ಚಮಚ. ಮಾಂಸ ಹಾಕ್ಲಿಲ್ಲ ಅಲ್ವಾ ನಾನು, ತಪಸ್ಸಿನ ಕಾಲ."

ನಾನು ಕಿರುಚಿದೆ. ಮೂವತ್ತು ವರ್ಷದಲ್ಲಿ ಅವರ ಮೇಲೆ ಹಾಗೆ ಕಿರುಚಿದ್ದಿಲ್ಲ. ನಿಮಗೆ ಕಿವಿ ಕೇಳುವುದಿಲ್ಲವಾ, ತಲೆ ಇಲ್ಲವಾ, ಆ ಹುಡುಗಿ ಈ ಮನೆಯನ್ನು ನಂಬುವುದು ಬೇಡವಾ ಎಂದೆಲ್ಲ ಬಾಯಿಗೆ ಬಂದಂತೆ ಅಂದೆ. ಅವರು ಹೆದರಲಿಲ್ಲ, ಅಳಲೂ ಇಲ್ಲ. ನನ್ನನ್ನು ಅರ್ಥವಾಗದವರಂತೆ ನೋಡಿದರು.

"ಮಳೆಗಾಲದಲ್ಲಿ ನೀನೇ ಹಾಕಿದ್ದಲ್ವಾ, ಅವಳ ಬೇಳೆ ಸಾರಿಗೆ? ಮೂರು ಭಾನುವಾರ. ನಾನು ಇಲ್ಲೇ ಕೂತಿದ್ದೆ. ಹೇಳ್ಬೇಡಿ ಅಂತ ಕಣ್ಣಿನಲ್ಲಿ ಹೇಳಿದ್ದಿ, ನಾನು ಹೇಳ್ಲಿಲ್ಲ. ಇವತ್ತು ನೀನು ಮರ್ತಿದ್ದಿ ಅಂತ ನಾನು ಹಾಕಿದ್ದು."

ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಕಳೆದ ಜೂನ್‌ನಲ್ಲಿ ಮಗಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದ್ದೆ, ಬಿಳಿಚಿಕೊಂಡಿತ್ತು. ರಕ್ತ ಕಡಿಮೆ ಎಂದು ನಾನೇ ತೀರ್ಮಾನಿಸಿದೆ. ರಕ್ತಪರೀಕ್ಷೆ ಮಾಡಿಸಲಿಲ್ಲ, ಅವಳನ್ನು ಕೇಳಲಿಲ್ಲ, ಪುಡಿ ಹಾಕಿದೆ. ನರ್ಸಲ್ಲವೇ, ಅದನ್ನು ಮನಸ್ಸಿನಲ್ಲಿ ಔಷಧಿಯ ಸಾಲಿನಲ್ಲಿ ಇಟ್ಟುಬಿಟ್ಟಿದ್ದೆ. ರೋಗಿಗೆ ಹೇಳದೆ ಏನನ್ನಾದರೂ ಕೊಟ್ಟ ಕಿರಿಯ ನರ್ಸುಗಳನ್ನು ನಾನೇ ನಿಲ್ಲಿಸಿ ಬೈದದ್ದುಂಟು.

ಗೇಟಿನ ಸದ್ದಾಯಿತು. ಸೌಟು ಹಿಡಿದು ನಿಂತಿದ್ದ ನನಗೆ ಬಂದ ಮೊದಲ ಯೋಚನೆ ಏನೆಂದು ಹೇಳಲು ನಾಚಿಕೆಯಾಗುತ್ತದೆ: ಇನ್ನಷ್ಟು ಕಾಳುಮೆಣಸು ಹಾಕಿದರೆ ಗೊತ್ತಾಗಲಿಕ್ಕಿಲ್ಲ.

ಮಗಳು ಒಳಗೆ ಬಂದಳು. ಹೆಗಲಲ್ಲಿ ಚೀಲ, ಚೀಲದಲ್ಲಿ ಡಬ್ಬಿ. ಅಂಥ ಹೊತ್ತಿನಲ್ಲೂ ನನಗೆ ಪಿತ್ತ ನೆತ್ತಿಗೇರಿತು.

"ಡಬ್ಬಿ ತರಬೇಡ ಅಂತ ಹೇಳಿದ್ದೆ ಅಲ್ವಾ?"

"ಇರ್ಲಿ ಅಂತ ತಂದೆ."

"ಒಳ್ಳೆದಾಯ್ತು. ಇದರಲ್ಲಿ ಸಿಗಡಿ ಪುಡಿ ಉಂಟು. ಅಜ್ಜಿ ಹಾಕಿದ್ದು."

ಅದು ನಿಜವೇ ಆಗಿತ್ತು. ನನಗೆ ಅನುಕೂಲವೂ ಆಗಿತ್ತು. ಅತ್ತೆ ಒಂದು ಮಾತಿನಲ್ಲಿ ನನ್ನನ್ನು ಹಿಡಿದುಕೊಡಬಹುದಿತ್ತು. ಅವರು ಜಪಮಾಲೆಯ ಮಣಿ ಸರಿಸುತ್ತಾ ಸುಮ್ಮನೆ ಕೂತರು. ನನ್ನ ಬೈಗುಳ ತಿಂದು ಹತ್ತು ನಿಮಿಷವಾಗಿಲ್ಲ, ಇನ್ನೂ ನನ್ನ ಗುಟ್ಟು ಕಾಯುತ್ತಿದ್ದಾರೆ. ನನಗೆ ತಡೆಯಲಾಗಲಿಲ್ಲ.

"ಜೂನ್‌ನಲ್ಲಿ ನಾನೂ ಹಾಕಿದ್ದೆ. ನಿನ್ನ ಬೇಳೆ ಸಾರಿಗೆ" ಎಂದೆ.

"ಗೊತ್ತುಂಟು" ಎಂದಳು ಮಗಳು. "ಬಾಯಿಗೆ ಸಿಗಡಿಯ ಮೀಸೆ ಸಿಕ್ಕಿತ್ತು ಮಮ್ಮಿ. ನೀನಾಗಿ ಹೇಳ್ತಿ ಅಂತ ಕಾದೆ."

"ಕೇಳ್ಬಹುದಿತ್ತಲ್ಲ ಬಾಯಿ ಬಿಟ್ಟು? ಒಂಬತ್ತು ತಿಂಗಳು ಡಬ್ಬಿ ಹೊತ್ತು ತಿರುಗುವ ಬದಲು?"

"ಕೇಳಿದ್ರೆ ನೀನು ಇಲ್ಲ ಅಂತಿದ್ದಿ."

ಅನ್ನುತ್ತಿದ್ದೆ. ನನ್ನ ದನಿ ನನಗೆ ಗೊತ್ತಿಲ್ಲವೇ, ಎಷ್ಟು ಜೋರಾಗಿ ಇಲ್ಲ ಅನ್ನುತ್ತಿದ್ದೆ ಎನ್ನುವುದೂ ಗೊತ್ತು. ಹಾಗಾಗಿ ಇನ್ನೂ ಸಿಟ್ಟು ಬಂತು, ಆದರೆ ಅದನ್ನು ಯಾರ ಮೇಲೆ ಹಾಕುವುದೆಂದು ತಿಳಿಯಲಿಲ್ಲ. ಪಾತ್ರೆಯನ್ನು ಇಳಿಸಿ, ಅತ್ತೆಗೆ ಕುಚ್ಚಲಕ್ಕಿ ಅನ್ನದ ಮೇಲೆ ಎರಡು ಸೌಟು ಬಡಿಸಿದೆ. ಅವರು ಚೆನ್ನಾಗಿಯೇ ಉಂಡರು.

ನಾನು ಇನ್ನೊಂದು ಪಾತ್ರೆ ತೊಳೆದಿಟ್ಟು ಎಣ್ಣೆ ಸುರಿದೆ, ಮೈದಾ ಹಾಕಿದೆ. ಮಗಳು ಒಂದು ಕುರ್ಚಿ ಎಳೆದು ಒಲೆಯ ಪಕ್ಕದಲ್ಲೇ ಕೂತಳು.

"ಚಾವಡಿಯಲ್ಲಿ ಕೂತ್ಕೊ, ಫ್ಯಾನ್ ಉಂಟು" ಎಂದೆ.

"ಬೇಡ. ಇಲ್ಲೇ ಕೂತ್ಕೊಳ್ತೇನೆ."

ಮುಕ್ಕಾಲು ಗಂಟೆ ಅವಳ ಕಣ್ಣು ನನ್ನ ಸೌಟಿನ ಮೇಲಿತ್ತು. ಬೆವರು ಸುರಿಯುತ್ತಿತ್ತು, ಭುಜ ಸಿಡಿಯುತ್ತಿತ್ತು, ಪರೀಕ್ಷೆ ಬರೆಯುವ ಮಗುವನ್ನು ಕಾಯುವಂತೆ ನನ್ನನ್ನು ಕಾಯುತ್ತಿದ್ದಾಳೆಂದು ಅವಮಾನವಾಗುತ್ತಿತ್ತು. ತಿರುಗಿಸಿದೆ. ಎರಡೂವರೆಗೆ ಅವಳು ಉಂಡಳು. ಚೆನ್ನಾಗಿದೆ ಎನ್ನಲಿಲ್ಲ, ಮತ್ತೆ ಬಡಿಸಿಕೊಂಡಳು.

ಮುಂದಿನ ಭಾನುವಾರ ಅದೇ ಚೀಲ, ಅದೇ ಡಬ್ಬಿ. ಇಷ್ಟೆಲ್ಲ ಆದ ಮೇಲೂ ತಂದಳಲ್ಲ ಎಂದು ಸಿಟ್ಟಿನಿಂದ ಡಬ್ಬಿ ಕಿತ್ತುಕೊಂಡೆ. ಹಗುರವಾಗಿತ್ತು. ಒಳಗೆ ಏನೂ ಇರಲಿಲ್ಲ.

"ಹೋಗುವಾಗ ತುಂಬಿಸಿ ಕೊಡು" ಎಂದು ಹೇಳಿ, ಅವಳು ಒಲೆಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು.